ರಕ್ತನಾಳದ ಒಳಪದರ ಹೇಳಿದ ಗುಟ್ಟು

ಡೈನಮೈಟ್ ಕಂಡುಹಿಡಿದ ಆಲ್‌ಫ್ರೆಡ್ ನೊಬೆಲ್‌ಗೆ ಕೊನೆಗಾಲದಲ್ಲಿ ಹೃದಯದ ತೊಂದರೆ. ವೈದ್ಯರು ಸೂಚಿಸಿದ ಔಷಧಿ ನೈಟ್ರೊಗ್ಲಿಸರಿನ್. ಡೈನಮೈಟಿನಲ್ಲಿದ್ದ ಸ್ಫೋಟಕವೂ ಅದೇ! ಇದು ವಿಧಿಯ ವ್ಯಂಗ್ಯವೆಂದು ನೊಬೆಲ್ 1896ರಲ್ಲಿ ಪತ್ರವೊಂದರಲ್ಲಿ ಬರೆದರು. ಎದೆನೋವನ್ನು ಶಮನಗೊಳಿಸುವ ಈ ವಸ್ತು ದೇಹದಲ್ಲಿ ಮಾಡುವುದಾದರೂ ಏನು? ಉತ್ತರ ಸಿಗಲು ಸುಮಾರು ಎಂಬತ್ತು ವರ್ಷ ಬೇಕಾಯಿತು.

ತಪ್ಪಿನಿಂದ ತೆರೆದ ದಾರಿ

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರಾಬರ್ಟ್ ಫರ್ಚ್‌ಗಾಟ್ ಎಂಬ ವಿಜ್ಞಾನಿ ಮೊಲದ ಮಹಾಧಮನಿಯ ತುಂಡುಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಅಸಿಟೈಲ್‌ಕೋಲಿನ್ ಜಾತಿಯ ರಾಸಾಯನಿಕ ಹಾಕಿದರೆ ಆ ತುಂಡುಗಳು ಸಂಕುಚಿಸುತ್ತಿದ್ದವು. 1978ರಲ್ಲಿ ಸಹಾಯಕರೊಬ್ಬರು ಪ್ರಯೋಗದ ಕ್ರಮ ತಪ್ಪಿಸಿದರು. ಆಶ್ಚರ್ಯ! ತುಂಡು ಸಂಕುಚಿಸುವ ಬದಲು ಸಡಿಲಗೊಂಡಿತು.

ಫರ್ಚ್‌ಗಾಟ್ ಇದನ್ನು ತಳ್ಳಿಹಾಕದೆ ಕಾರಣ ಹುಡುಕಿದರು. ಹಿಂದೆ ತುಂಡುಗಳನ್ನು ಸಿದ್ಧಪಡಿಸುವಾಗ ನಾಳದ ಒಳಮೈ ಅರಿವಿಲ್ಲದೆ ಒರೆಸಿಹೋಗುತ್ತಿತ್ತು. ಒಂದೇ ಒಂದು ಜೀವಕೋಶದಷ್ಟು ದಪ್ಪದ ಆ ಪದರ ಉಳಿದಿದ್ದರೆ ಮಾತ್ರ ನಾಳ ಸಡಿಲಗೊಳ್ಳುತ್ತಿತ್ತು. ಅಂದರೆ, ಒಳಪದರವು ಸುತ್ತಲಿನ ಸ್ನಾಯುವಿಗೆ ಯಾವುದೋ ಸಂದೇಶ ಕಳಿಸುತ್ತಿರಬೇಕು. 1980ರಲ್ಲಿ ಈ ಸಂಶೋಧನೆ ಪ್ರಕಟವಾಯಿತು.

ಆ ಸಂದೇಶವಾಹಕ ಯಾರು? ನೈಟ್ರೊಗ್ಲಿಸರಿನ್ ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡುತ್ತದೆಂದು ಫೆರಿಡ್ ಮುರಾದ್ 1977ರಲ್ಲೇ ಕಂಡಿದ್ದರು. ಒಳಪದರದ ಸಂದೇಶವಾಹಕವೂ ಇದೇ ಅನಿಲವೆಂದು 1986ರಲ್ಲಿ ಫರ್ಚ್‌ಗಾಟ್ ಮತ್ತು ಲೂಯಿ ಇಗ್ನಾರೊ ಪ್ರತ್ಯೇಕವಾಗಿ ಸೂಚಿಸಿದರು. ವಾಹನಗಳ ಹೊಗೆಯಲ್ಲಿರುವ ಮಾಲಿನ್ಯಕಾರಕವೇ ನಮ್ಮ ನಾಳಗಳ ರಕ್ಷಕ! 1998ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಈ ಮೂವರಿಗೆ ಸಂದಿತು.

ವಯಸ್ಸಾದಂತೆ ಏನಾಗುತ್ತದೆ?

ಒಳಪದರವು ಆರ್ಜಿನಿನ್ ಎಂಬ ಅಮೈನೊ ಆಮ್ಲದಿಂದ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ. ಅದರ ಆಯುಸ್ಸು ಕೆಲವೇ ಸೆಕೆಂಡು. ಅಷ್ಟರಲ್ಲೇ ಅದು ನಾಳವನ್ನು ಹಿಗ್ಗಿಸಿ, ರಕ್ತದ ಕಿರುಬಿಲ್ಲೆಗಳು ಅಂಟಿಕೊಳ್ಳದಂತೆ ತಡೆಯುತ್ತದೆ. ವಯಸ್ಸಾದಂತೆ ಈ ಅನಿಲ ಕೆಲಸ ಮಾಡುವ ಮುನ್ನವೇ ಆಮ್ಲಜನಕದ ಉಗ್ರ ಕಣಗಳಿಗೆ ಸಿಕ್ಕಿ ನಾಶವಾಗುವುದು ಹೆಚ್ಚುತ್ತದೆ. ಧಮನಿಯ ಗೋಡೆಯ ಎಲಾಸ್ಟಿನ್ ಎಳೆಗಳೂ ಸವೆಯುತ್ತವೆ. ಬಿಸಿಲಿಗೆ ಬಿದ್ದ ಹಳೆಯ ರಬ್ಬರ್ ಪೈಪಿನಂತೆ ನಾಳ ಗಡುಸಾಗಿ ರಕ್ತದೊತ್ತಡ ಏರುತ್ತದೆ. ಧೂಮಪಾನ, ಸಕ್ಕರೆ ಕಾಯಿಲೆಗಳು ಇದನ್ನು ತ್ವರಿತಗೊಳಿಸುತ್ತವೆ.

ಬೀಟ್‌ರೂಟಿನ ಪಾತ್ರ

ನೈಟ್ರಿಕ್ ಆಕ್ಸೈಡಿಗೆ ಇನ್ನೊಂದು ದಾರಿಯೂ ಇದೆ. ಬೀಟ್‌ರೂಟ್, ಪಾಲಕ್, ದಂಟಿನ ಸೊಪ್ಪುಗಳಲ್ಲಿ ನೈಟ್ರೇಟ್ ಹೇರಳ. ನಾಲಿಗೆಯ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಸುತ್ತವೆ. ದೇಹದೊಳಗೆ ಅದು ನೈಟ್ರಿಕ್ ಆಕ್ಸೈಡ್ ಆಗುತ್ತದೆ. 2008ರಲ್ಲಿ ಲಂಡನ್ನಿನ ಪ್ರಯೋಗವೊಂದರಲ್ಲಿ ಆರೋಗ್ಯವಂತರು ಅರ್ಧ ಲೀಟರ್ ಬೀಟ್‌ರೂಟ್ ರಸ ಕುಡಿದ ಸುಮಾರು ಮೂರು ಗಂಟೆಗೆ ರಕ್ತದೊತ್ತಡ 10 ಅಂಕದಷ್ಟು ಇಳಿಯಿತು. ಎಂಜಲು ನುಂಗದೆ ಉಗುಳಿದಾಗ ಇಳಿಕೆ ಕಾಣಲಿಲ್ಲ!

2015ರಲ್ಲಿ ಅಮೃತಾ ಅಹ್ಲುವಾಲಿಯಾ ಅವರ ತಂಡ ಅಧಿಕ ರಕ್ತದೊತ್ತಡದ 68 ಜನರನ್ನು ಪರೀಕ್ಷಿಸಿತು. ಅರ್ಧ ಜನರಿಗೆ ದಿನಕ್ಕೊಂದು ಲೋಟ ರಸ. ಉಳಿದವರಿಗೆ ನೈಟ್ರೇಟ್ ತೆಗೆದ ಅದೇ ರಸ. ನಾಲ್ಕು ವಾರದಲ್ಲಿ ಮೊದಲ ಗುಂಪಿನವರ ಮೇಲಿನ ಅಂಕ ಸುಮಾರು 8ರಷ್ಟು ಇಳಿಯಿತು. ಎರಡನೆಯ ಗುಂಪಿನಲ್ಲಿ ಬದಲಾವಣೆಯಿಲ್ಲ. ಆದರೆ ರಸ ನಿಲ್ಲಿಸಿದ ಎರಡು ವಾರದಲ್ಲಿ ಒತ್ತಡ ಮತ್ತೆ ಹಳೆಯ ಮಟ್ಟಕ್ಕೇರಿತು.

ಪೋಷಕರು ಗಮನಿಸಬೇಕಾದದ್ದು ಇಲ್ಲೇ. ರಸ ಒತ್ತಡವನ್ನು ಇಳಿಸುತ್ತದೆ, ಕಾಯಿಲೆಯನ್ನು ಗುಣಪಡಿಸುವುದಿಲ್ಲ. 'ಮನೆಮದ್ದು ಇದೆಯಲ್ಲ' ಎಂದು ಅಜ್ಜ-ಅಜ್ಜಿಯರ ಬಿ.ಪಿ. ಮಾತ್ರೆ ನಿಲ್ಲಿಸಿದರೆ ಪಾರ್ಶ್ವವಾಯುವಿಗೆ ಆಹ್ವಾನ ಕೊಟ್ಟಂತೆ. ಮೂತ್ರಪಿಂಡದ ತೊಂದರೆ, ಕಲ್ಲು ಇರುವವರು ವೈದ್ಯರನ್ನು ಕೇಳದೆ ಇದನ್ನು ಕುಡಿಯಬಾರದು.

ನೈಟ್ರೇಟ್ ನೀರಿನಲ್ಲಿ ಕರಗುತ್ತದೆ. ಸೊಪ್ಪು ಬೇಯಿಸಿದ ನೀರು ಚೆಲ್ಲಿದರೆ ಅದೂ ಹೋಯಿತು. ಬಸಿದ ನೀರಿನಲ್ಲೇ ಬಸ್ಸಾರು ಮಾಡುವ ನಮ್ಮ ಅಡುಗೆಮನೆಯ ಜಾಣ್ಮೆಗೆ ಹೀಗೂ ಒಂದು ಅರ್ಥವಿದೆ. ಜೊತೆಗೆ ನಡಿಗೆ, ಆಟ ಬೇಕು. ವೇಗವಾಗಿ ಹರಿಯುವ ರಕ್ತ ಒಳಪದರವನ್ನು ಸವರಿದಾಗ ನೈಟ್ರಿಕ್ ಆಕ್ಸೈಡ್ ಹೆಚ್ಚು ಒಸರುತ್ತದೆ. ಧಮನಿಯಲ್ಲಿ ಕೊಬ್ಬಿನ ಗೆರೆಗಳು ಬಾಲ್ಯದಲ್ಲೇ ಮೂಡತೊಡಗುತ್ತವೆ. ಆದ್ದರಿಂದ ನಾಳಗಳ ಕಾಳಜಿ ಅಜ್ಜನಿಗಷ್ಟೇ ಅಲ್ಲ, ಮೊಮ್ಮಗನಿಗೂ ಬೇಕು.