ಶಿರಡಿ ಸುತ್ತಿನಲ್ಲಿ ಪಾರ್ಕಿಗೊಂದು ದಿನ: ನಂಬಿಕೆ ಎಷ್ಟು, ನಿಜ ಎಷ್ಟು?

ರಜೆ ಬಂತೆಂದರೆ ಕರ್ನಾಟಕದಿಂದ ಹೊರಡುವ ಶಿರಡಿ ಪ್ರವಾಸಕ್ಕೆ ಒಂದು ಹಳೆಯ ಸುತ್ತು ಇದೆ. ಶಿರಡಿ, ಶನಿ ಶಿಂಗ್ಣಾಪುರ, ನಾಸಿಕದ ಪಂಚವಟಿ, ತ್ರ್ಯಂಬಕೇಶ್ವರ, ಆಮೇಲೆ ಛತ್ರಪತಿ ಸಂಭಾಜಿನಗರದ ಕಡೆ ಘೃಷ್ಣೇಶ್ವರ ಮತ್ತು ಎಲ್ಲೋರಾ. ಈಗ ಈ ಸುತ್ತಿಗೆ ಮಕ್ಕಳ ಹಟವೊಂದು ಸೇರಿಕೊಂಡಿದೆ. ನಾಸಿಕದಿಂದ ಸುಮಾರು 90 ಕಿ.ಮೀ., ಸಂಭಾಜಿನಗರದಿಂದ ನೂರಕ್ಕೆ ತುಸು ಹೆಚ್ಚು ದೂರದ ಶಿರಡಿಯಲ್ಲೇ ವೆಟ್ ಎನ್ ಜಾಯ್ ವಾಟರ್ ಪಾರ್ಕ್ ಇದೆ, ಸಾಯಿ ತೀರ್ಥ ಎಂಬ ಭಕ್ತಿಯ ಥೀಮ್ ಪಾರ್ಕ್ ಇದೆ. ಇನ್ನೂ ದೊಡ್ಡದು ಬೇಕೆಂದರೆ ಖೋಪೋಲಿಯ ಹತ್ತಿರ ಇಮ್ಯಾಜಿಕಾ. 2013ರಲ್ಲಿ ಶುರುವಾದ ಅದರ ಒಡೆತನ 2022ರಲ್ಲಿ ಸಂಗಮನೇರಿನ ಮಾಲ್ಪಾಣಿ ಸಮೂಹಕ್ಕೆ ಬಂತು. ಶಿರಡಿಯ ಪಾರ್ಕುಗಳನ್ನು ಕಟ್ಟಿದವರೂ ಅವರೇ. ಹೋಗುವುದೋ ಬಿಡುವುದೋ ಎಂಬ ಮನೆಮಾತಿನಲ್ಲಿ ಕೆಲವು ನಂಬಿಕೆಗಳು ಮತ್ತೆ ಮತ್ತೆ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ತಪ್ಪು.

ಮೊದಲನೆಯದು, ಪಾರ್ಕು ಇರುವುದೇ ಮಕ್ಕಳಿಗೆ, ದೊಡ್ಡವರು ಹೋಗುವುದು ಅವರನ್ನು ನೋಡಿಕೊಳ್ಳುವುದಕ್ಕೆ ಎಂಬುದು. ನಿಜ ಬಹುಪಾಲು ಉಲ್ಟಾ. ದೊಡ್ಡ ರೈಡುಗಳ ಬಾಗಿಲಲ್ಲಿ ಎತ್ತರ ಅಳೆಯುವ ಕೋಲು ನಿಂತಿರುತ್ತದೆ. ಇಮ್ಯಾಜಿಕಾದ ನೈಟ್ರೋ ರೋಲರ್ ಕೋಸ್ಟರ್ ಹತ್ತಲು 140 ಸೆಂ.ಮೀ. ಎತ್ತರ ಬೇಕು. ಒಂದನೇ ಕ್ಲಾಸಿನ ಮಗುವಿಗೆ ಅದು ದಕ್ಕುವುದಿಲ್ಲ. ಹೈಸ್ಕೂಲು ಹುಡುಗರಿಗೆ, ಅವರ ಅಪ್ಪ ಅಮ್ಮನಿಗೆ ದಕ್ಕುತ್ತದೆ. ವಾಲ್ಟ್ ಡಿಸ್ನಿ 1955ರಲ್ಲಿ ಡಿಸ್ನಿಲ್ಯಾಂಡ್ ತೆರೆದದ್ದರ ಹಿಂದೆ ಇದೇ ಅಸಮಾಧಾನ ಇತ್ತು. ಹೆಣ್ಣುಮಕ್ಕಳು ಮೆರ್ರಿ ಗೋ ರೌಂಡ್ ಹತ್ತಿದಾಗ ತಾನು ಬೆಂಚಿನ ಮೇಲೆ ಸುಮ್ಮನೆ ಕೂರಬೇಕಾಗಿತ್ತು, ಹೆತ್ತವರೂ ಮಕ್ಕಳೂ ಕೂಡಿ ಆಡುವ ಜಾಗದ ಯೋಚನೆ ಅಲ್ಲೇ ಬಂದದ್ದು ಎಂದು ಅವರು ಹೇಳಿಕೊಳ್ಳುತ್ತಿದ್ದರು.

ನಮ್ಮಲ್ಲಿ ಆ ಬೆಂಚು ಇನ್ನೂ ಖಾಲಿಯಾಗಿಲ್ಲ. ಪೂರ್ತಿ ಟಿಕೆಟ್ ತೆತ್ತು ಒಳಗೆ ಬಂದ ಅಮ್ಮ, ಅತ್ತೆ, ಅಜ್ಜಿ ಬ್ಯಾಗು, ಚಪ್ಪಲಿ, ಮೊಬೈಲು ಕಾಯುತ್ತಾ ದಿನವಿಡೀ ನೆರಳಲ್ಲಿ ಕೂತಿರುತ್ತಾರೆ. ಇದಕ್ಕೆ ಒಂದು ಸಣ್ಣ ಕಾರಣವೂ ಇದೆ, ಬಟ್ಟೆ. ಕಾಟನ್ ಚೂಡಿದಾರ, ಸೀರೆ, ಜೀನ್ಸ್ ತೊಟ್ಟವರನ್ನು ವಾಟರ್ ಪಾರ್ಕಿನಲ್ಲಿ ನೀರಿಗೆ ಬಿಡುವುದಿಲ್ಲ. ಹತ್ತಿಯ ಎಳೆ ಬಿಟ್ಟುಕೊಂಡು ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ, ನೆನೆದ ಬಟ್ಟೆ ಭಾರವಾಗಿ ಸ್ಲೈಡಿನಲ್ಲಿ ಜಾರುವುದಿಲ್ಲ. ಬಾಡಿಗೆ ಕಾಸ್ಟ್ಯೂಮಿನ ಸಾಲು ನೋಡಿ, ಅಳತೆ ಸರಿಹೋಗದೆ, ‘ನೀವು ಹೋಗಿ ಬನ್ನಿ’ ಅಂದುಬಿಡುತ್ತಾರೆ. ಮೈತುಂಬ ಮುಚ್ಚುವ ನೈಲಾನ್ ಉಡುಪನ್ನು ಎಲ್ಲರಿಗೂ ಊರಿನಿಂದಲೇ ತಂದು, ಸಾಮಾನಿಗೆ ಲಾಕರ್ ಹಿಡಿದರೆ ಈ ಕಾವಲು ತಪ್ಪುತ್ತದೆ. ‘ದುಡ್ಡು ದಂಡ’ ಎಂಬ ದೂರನ್ನು ನಾನು ಒಪ್ಪುವುದು ಇಂಥ ಕಡೆ ಮಾತ್ರ. ನಾಲ್ಕು ಜನರ ಟಿಕೆಟ್ ಕೊಂಡು ಇಬ್ಬರೇ ಆಡಿದರೆ ದಂಡವೇ.

ಖರ್ಚು ಎಂದರೆ ಟಿಕೆಟ್ ಎಂಬ ಲೆಕ್ಕವೂ ಸರಿಯಲ್ಲ. ಹೊರಗಿನ ತಿಂಡಿ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ, ಹಾಗಾಗಿ ಊಟ, ಲಾಕರ್, ಕಾಸ್ಟ್ಯೂಮ್, ಗಾಡಿ ಬಾಡಿಗೆ ಎಲ್ಲ ಕೂಡಿಸಬೇಕು. ನಾಸಿಕದಿಂದ ಇಮ್ಯಾಜಿಕಾಕ್ಕೆ ನಾಲ್ಕೈದು ಗಂಟೆ ದಾರಿ, ಸಂಭಾಜಿನಗರದಿಂದ ಇನ್ನೂ ದೂರ. ಅಲ್ಲಿಗೆ ಹೋಗುವುದಾದರೆ ಮುಂಬೈ ಅಥವಾ ಪುಣೆಯ ಪ್ರವಾಸಕ್ಕೆ ಸೇರಿಸಿಕೊಳ್ಳುವುದು ಮೇಲು.

ರೋಲರ್ ಕೋಸ್ಟರ್ ಕಂಡರೆ ಜೀವ ಬಾಯಿಗೆ ಬರುವವರು ಅದರ ರಚನೆ ತಿಳಿದಿರಬೇಕು. ನೈಟ್ರೋ ಸುಮಾರು 40 ಮೀಟರ್ ಎತ್ತರದಿಂದ ಗಂಟೆಗೆ 105 ಕಿ.ಮೀ. ವೇಗದಲ್ಲಿ ಇಳಿಯುತ್ತದೆ, ಆದರೆ ಆ ಬಂಡಿಗೆ ಎಂಜಿನ್ ಇಲ್ಲ. ಸರಪಳಿ ಮೇಲಕ್ಕೆ ಎಳೆದು ಬಿಡುತ್ತದೆ, ಉಳಿದದ್ದು ಗುರುತ್ವ. ಚಕ್ರಗಳು ಹಳಿಯ ಮೇಲೆ, ಪಕ್ಕಕ್ಕೆ, ಕೆಳಗೆ ಮೂರೂ ಕಡೆ ಹಿಡಿದಿರುವುದರಿಂದ ತಲೆಕೆಳಗಾದರೂ ಬಂಡಿ ಹಳಿ ಬಿಡುವುದಿಲ್ಲ. ಆದರೂ ಹೃದಯದ ತೊಂದರೆ, ರಕ್ತದೊತ್ತಡ, ಕುತ್ತಿಗೆ ಬೆನ್ನಿನ ನೋವು ಇರುವವರು, ಗರ್ಭಿಣಿಯರು ಹತ್ತಬಾರದೆಂಬ ಫಲಕವನ್ನು ದಯವಿಟ್ಟು ಓದಿ ಪಾಲಿಸಿ. ಒದ್ದೆ ನೆಲದ ಮೇಲೆ ಓಡುವ ಮಕ್ಕಳ ಕೈ ಹಿಡಿಯಿರಿ.

‘ಕ್ಲೋರಿನ್ ವಾಸನೆ ಘಾಟಾಗಿದೆ, ಅಂದರೆ ನೀರು ಚೊಕ್ಕಟ’ ಎನ್ನುವುದು ಬಲು ಗಟ್ಟಿಯಾಗಿ ಬೇರೂರಿದ ತಪ್ಪು. ಆ ಘಾಟು ಮುಖ್ಯವಾಗಿ ಕ್ಲೋರಮೈನಿನದು. ಮೈಯ ಬೆವರು, ಮೂತ್ರದ ಜೊತೆ ಕ್ಲೋರಿನ್ ಕೂಡಿದಾಗ ಅದು ಹುಟ್ಟುತ್ತದೆ. ಕಣ್ಣು ಉರಿಸುವುದೂ ಅದೇ. ಒಳ್ಳೆಯ ನೀರಿಗೆ ಅಷ್ಟು ವಾಸನೆ ಇರುವುದಿಲ್ಲ. ಇಳಿಯುವ ಮೊದಲು ಶವರಿನಲ್ಲಿ ಮೈ ತೊಳೆಯಿರಿ ಎನ್ನುವುದು ಇದಕ್ಕೇ. ಭೇದಿಯಾಗುತ್ತಿರುವ ಮಗುವನ್ನಂತೂ ಇಳಿಸಲೇಬಾರದು. ಕ್ರಿಪ್ಟೋಸ್ಪೊರಿಡಿಯಂ ಎಂಬ ಜೀವಿ ಕ್ಲೋರಿನ್ ಹಾಕಿದ ನೀರಿನಲ್ಲೂ ದಿನಗಟ್ಟಲೆ ಬದುಕಿರುತ್ತದೆ.

ಸಂಭಾಜಿನಗರದವರಿಗೆ ಇನ್ನೊಂದು ಪ್ರಶ್ನೆ ಇದೆ, ಅದು ನ್ಯಾಯವಾದದ್ದೇ. ಜಾಯಕವಾಡಿ ಜಲಾಶಯ ಹತ್ತಿರವಿದ್ದೂ ಆ ಊರಿನ ನಲ್ಲಿಯಲ್ಲಿ ದಿನಗಟ್ಟಲೆ ನೀರು ಬರದೆ ಜನ ಬವಣೆಪಟ್ಟಿದ್ದಾರೆ. ಅಂಥ ಸೀಮೆಯ ಪಕ್ಕದಲ್ಲಿ ನೀರಾಟವೇ? ಸ್ಲೈಡಿನ ನೀರು ಚರಂಡಿಗೆ ಹೋಗುವುದಿಲ್ಲ, ಸೋಸಿಕೊಂಡು ಮತ್ತೆ ಮೇಲೇರುತ್ತದೆ. ಹೋಗುವುದು ಆವಿಯಾದದ್ದು, ಚೆಲ್ಲಿದ್ದು, ಫಿಲ್ಟರ್ ತೊಳೆದದ್ದು. ಹಾಗೆಂದು ಅದು ಕಡಿಮೆಯಲ್ಲ; ಮೇ ತಿಂಗಳ ಬಿಸಿಲಿಗೆ ಆವಿಯೇ ದೊಡ್ಡ ಬಾಬತ್ತು. ದಸರಾ ರಜೆಯಲ್ಲಿ, ಮಳೆ ಬಿದ್ದ ಮೇಲೆ ಹೋಗುವುದು ನನಗೆ ಹೆಚ್ಚು ಒಪ್ಪಿಗೆ.

ಇನ್ನು ‘ಕಲ್ಲು ಗುಡಿ ಮಕ್ಕಳಿಗೆ ಬೇಜಾರು, ಎಲ್ಲೋರಾ ಬಿಟ್ಟು ಪಾರ್ಕಿಗೆ ಹೋಗೋಣ’ ಎನ್ನುವವರಿಗೆ. ಎಲ್ಲೋರಾದಲ್ಲಿ 34 ಗುಹೆಗಳಿವೆ. ಹದಿನಾರನೆಯದು ಕೈಲಾಸ, ನಮ್ಮ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ್ದು, ಎಂಟನೇ ಶತಮಾನದ್ದು. ಅದನ್ನು ಕೆಳಗಿನಿಂದ ಕಟ್ಟಿಲ್ಲ. ಬೆಟ್ಟದ ನೆತ್ತಿಯಿಂದ ಕೆಳಕ್ಕೆ ಕಡಿಯುತ್ತಾ ಬಂದಿದ್ದಾರೆ. ಮೊದಲು ಆದದ್ದು ಶಿಖರ, ಕೊನೆಗೆ ಆದದ್ದು ನೆಲ. ಮಗುವನ್ನು ಗುಡಿಯ ಬುಡದ ಕಲ್ಲಾನೆಗಳ ಎದುರು ನಿಲ್ಲಿಸಿ ಇಷ್ಟು ಹೇಳಿ ನೋಡಿ, ‘ತಪ್ಪು ಕಡಿದಿದ್ದರೆ ಏನು ಮಾಡುತ್ತಿದ್ದರು?’ ಎಂದು ಅದೇ ಕೇಳುತ್ತದೆ. 15 ವರ್ಷದೊಳಗಿನವರಿಗೆ ಪ್ರವೇಶ ಉಚಿತ. ಬೇಜಾರಾಗುವುದು ಗುಹೆಯಿಂದಲ್ಲ, ಮಧ್ಯಾಹ್ನದ ಬಿಸಿಲಲ್ಲಿ ಹಸಿದ ಮಕ್ಕಳನ್ನು ಮೂವತ್ತನಾಲ್ಕೂ ಗುಹೆ ಸುತ್ತಿಸುವುದರಿಂದ. ಬೆಳಿಗ್ಗೆ ಬೇಗ ಹೋಗಿ ನಾಲ್ಕೈದು ನೋಡಿದರೆ ಸಾಕು.

ಎರಡಕ್ಕೂ ಸಾಕಷ್ಟು ಹೊತ್ತು ಕೊಡಬೇಕು, ನಮ್ಮವರು ಎಡವುವುದು ಇಲ್ಲೇ. ‘ದರ್ಶನ ಮುಗಿಸಿ ಮಧ್ಯಾಹ್ನ ಪಾರ್ಕಿಗೆ ಹೋಗಿ ಬರೋಣ’ ಎಂದರೆ ಪೂರ್ತಿ ಟಿಕೆಟ್ಟಿಗೆ ಮೂರು ಗಂಟೆ ಆಟ, ಅದರಲ್ಲಿ ಅರ್ಧ ಸಾಲಿನಲ್ಲೇ ಮುಗಿಯುತ್ತದೆ. ಶನಿವಾರ, ಭಾನುವಾರ ಬೇಡ. ಗುರುವಾರ ಬಾಬಾರ ದಿನ, ಶಿರಡಿ ಕಿಕ್ಕಿರಿದಿರುತ್ತದೆ. 2027ರ ಸಿಂಹಸ್ಥ ಕುಂಭಮೇಳದ ಹೊತ್ತಿಗೆ ನಾಸಿಕದ ರಸ್ತೆಗಳ ಲೆಕ್ಕವೇ ಬೇರೆಯಾಗುತ್ತದೆ. ಅಜಂತಾ ಸೋಮವಾರ ಮುಚ್ಚಿರುತ್ತದೆ, ಎಲ್ಲೋರಾ ಮಂಗಳವಾರ. ಆ ಮಂಗಳವಾರವನ್ನೇ ಪಾರ್ಕಿಗೆ ಇಟ್ಟುಕೊಳ್ಳಿ, ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ, ಅಜ್ಜಿಗೂ ಒಂದು ನೈಲಾನ್ ಉಡುಪು ಇಟ್ಟುಕೊಂಡು ಹೋಗಿ.