ರಾಗಿ ಹೆಣ್ಣಿನ ದುಡಿಮೆ, ಕಾಸು ಯಾರದು?

ಎಲೆಕ್ಟ್ರಾನಿಕ್ ಸಿಟಿ ದಾಟಿ ಆನೇಕಲ್ ಕಡೆಗೆ, ವೈಟ್‌ಫೀಲ್ಡ್ ದಾಟಿ ಹೊಸಕೋಟೆಯತ್ತ, ಪೀಣ್ಯ ದಾಟಿ ನೆಲಮಂಗಲದತ್ತ ಹೊರಟರೆ ಲೇಔಟುಗಳ ನಡುವೆ ಇಂದಿಗೂ ರಾಗಿ ಹೊಲಗಳು ಕಾಣಸಿಗುತ್ತವೆ. ಈ ಹೊಲಗಳಲ್ಲಿ ಬಾಗಿ ಕಳೆ ಕೀಳುವವರು ಹೆಚ್ಚಾಗಿ ಹೆಂಗಸರೇ. ಅಕ್ಕಡಿ ಸಾಲಿಗೆ ಅವರೆ, ಹುಚ್ಚೆಳ್ಳು ಬಿಡುವುದು, ತೆನೆ ಕೊಯ್ಯುವುದು, ಮೊರದಲ್ಲಿ ಕೇರುವುದು, ಎಲ್ಲದರಲ್ಲೂ ಅವರ ಕೈಯಿದೆ. ಬೀಸುವ ಕಲ್ಲಿನ ಮುಂದೆ ಕುಳಿತು ಅವರು ಹಾಡಿದ ಪದಗಳೇ ನಮ್ಮ ಜನಪದ ಸಾಹಿತ್ಯದ ದೊಡ್ಡ ಆಸ್ತಿ.

ಆದರೆ ರಾಗಿ ಮಾರಿದ ಹಣ ಯಾರ ಕೈ ಸೇರುತ್ತದೆ? 2025-26ನೇ ಸಾಲಿಗೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಖರೀದಿ ಕೇಂದ್ರದಲ್ಲಿ ನೋಂದಣಿಯಾಗುವುದು ಜಮೀನಿನ ದಾಖಲೆ ಇರುವ ರೈತನ ಹೆಸರು; ಹಣ ಜಮಾ ಆಗುವುದೂ ಆತನ ಖಾತೆಗೇ. ಪಹಣಿ ಬಹುಪಾಲು ಗಂಡಸರ ಹೆಸರಿನಲ್ಲಿರುವುದರಿಂದ ಕಳೆ ಕಿತ್ತವಳ ಲೆಕ್ಕ ಎಲ್ಲೂ ಬರುವುದಿಲ್ಲ.

ಇಳುವರಿ ಹೆಚ್ಚಿದರೂ ಈ ಲೆಕ್ಕ ಬದಲಾಗಲಿಲ್ಲ. ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿ ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತ ಮತ್ತು ಆಫ್ರಿಕಾದ ತಳಿಗಳನ್ನು ಬೆಸೆದು ‘ಇಂಡಾಫ್’ ತಳಿಗಳನ್ನು ರೂಪಿಸಿದರು. ಹೊಲದ ಫಸಲು ಹೆಚ್ಚಿತು, ಹೆಣ್ಣಿನ ಗಂಟು ಹಾಗೇ ಉಳಿಯಿತು.

ಲೆಕ್ಕ ಬದಲಾಗುವುದು ಕಾಳು ಹಿಟ್ಟಾಗುವ ಹಂತದಲ್ಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಕ್ಕಿಯಲ್ಲಿ ಅದು 10ರ ಆಸುಪಾಸು. ರಾಗಿಯನ್ನು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದರೆ ಮಾಲ್ಟ್ ಸಿದ್ಧ. ಮೊಳಕೆಯೊಡೆಯುವಾಗ ಕಾಳಿನೊಳಗಿನ ಫೈಟಿಕ್ ಆಮ್ಲ ತಗ್ಗುವುದರಿಂದ ಕಬ್ಬಿಣದಂಶ ದೇಹಕ್ಕೆ ಸುಲಭವಾಗಿ ದಕ್ಕುತ್ತದೆ. ಅಜ್ಜಿಯರು ಮಗುವಿನ ಸರಿಹಿಟ್ಟಿಗೆ ಮಾಡುತ್ತಿದ್ದುದೂ ಇದನ್ನೇ. ಈ ಕೆಲಸಕ್ಕೆ ಪಹಣಿ ಬೇಕಿಲ್ಲ. ಕಸುಬು ಅವರಿಗೆ ಮೊದಲೇ ಗೊತ್ತು.

ಬೇಕಾದದ್ದು ಬಂಡವಾಳ. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಬೆಳೆಸಿದ ಸ್ವಸಹಾಯ ಗುಂಪುಗಳು, 2000-01ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಸ್ತ್ರೀಶಕ್ತಿ ಯೋಜನೆ ಆ ದಾರಿ ತೆರೆದವು. 2020ರಲ್ಲಿ ಬಂದ ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಸಂಘದ ಪ್ರತಿ ಸದಸ್ಯೆಗೆ 40,000 ರೂಪಾಯಿವರೆಗೆ ಆರಂಭಿಕ ಬಂಡವಾಳಕ್ಕೆ ಅವಕಾಶ ಕಲ್ಪಿಸಲಾಯಿತು. ಸಂಘದ ಖಾತೆಗೆ ಬಂದ ಹಣ ನೇರವಾಗಿ ಹೆಂಗಸರದೇ.

ಗಿರಾಕಿಯೂ ದೂರವಿಲ್ಲ. ಹಗೇವಿನಲ್ಲಿ ವರ್ಷಗಟ್ಟಲೆ ಕೆಡದ ರಾಗಿ, ಹಿಟ್ಟಾದ ಮೇಲೆ ಅಷ್ಟು ಕಾಲ ತಾಳದು. ತಾಜಾ ಹಿಟ್ಟು ಬೇಕೆನ್ನುವ ಐ.ಟಿ. ಉದ್ಯೋಗಿಗಳು, ಕಾರ್ಖಾನೆಯ ಕ್ಯಾಂಟೀನುಗಳು ಕೆಲವೇ ಮೈಲಿ ದೂರದಲ್ಲಿವೆ.

ತೊಡಕೆಂದರೆ, ಗಿರಾಕಿಯನ್ನು ತಂದ ನಗರವೇ ಹೊಲವನ್ನೂ ನುಂಗುತ್ತಿದೆ. ಹೊಲ ಸೈಟಾದರೆ ಸಂಘಗಳು ರಾಗಿಯನ್ನೂ ಅಂಗಡಿಯಿಂದಲೇ ಕೊಳ್ಳಬೇಕು. ಆಗ ಲಾಭದಲ್ಲಿ ಪಾಲು ವರ್ತಕನಿಗೆ. ಜಮೀನು ಮಾರುವ ಕಾಗದಕ್ಕೆ ರುಜು ಬೀಳುವ ಮುನ್ನ, ಅದರಲ್ಲಿ ದುಡಿದವಳನ್ನೂ ಒಂದು ಮಾತು ಕೇಳಬೇಕಲ್ಲವೇ?