ಉತ್ತರ ಬಾರದ ಪ್ರಾರ್ಥನೆ

ಪರೀಕ್ಷೆಗೆ ಮುನ್ನ ಹರಕೆ ಹೊತ್ತು, ಫಲಿತಾಂಶ ಕೈಕೊಟ್ಟಾಗ ದೇವರ ಮೇಲೆ ಮುನಿಸಿಕೊಳ್ಳುವ ಮಕ್ಕಳಿದ್ದಾರೆ. ಅವರಿಗೇನು ಹೇಳಬೇಕೆಂದು ತೋಚದ ತಂದೆತಾಯಿಯರೂ ಇದ್ದಾರೆ. ಅಂಥವರು ಮದರ್ ತೆರೇಸಾ ಅವರ ಬದುಕನ್ನೊಮ್ಮೆ ನೋಡಬೇಕು.

1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗ್‌ಗೆ ಹೊರಟಿದ್ದ ರೈಲಿನಲ್ಲಿ, ಬಡವರ ನಡುವೆ ಬಾಳುವಂತೆ ದೇವರು ಕರೆದನೆಂದು ಅವರಿಗೆ ಅನ್ನಿಸಿತು. 1948ರಲ್ಲಿ ಕಾನ್ವೆಂಟ್ ತೊರೆದು ಕಲ್ಕತ್ತೆಯ ಕೊಳೆಗೇರಿಗಿಳಿದರು. ಕೆಲಸ ಆರಂಭವಾದ ಸ್ವಲ್ಪ ಕಾಲದಲ್ಲೇ ದೇವರು ದೂರವಾದಂತಾಯಿತು. ಎಷ್ಟು ಪ್ರಾರ್ಥಿಸಿದರೂ ಒಳಗೆ ಬರೀ ಕತ್ತಲೆ. 1958ರಲ್ಲಿ ಕೆಲವು ವಾರ ತಿಳಿಯಾದದ್ದು ಬಿಟ್ಟರೆ ಸುಮಾರು 50 ವರ್ಷ ಅದು ಕಾಡಿತು.

ಈ ನೋವನ್ನು ಅವರು ತೋಡಿಕೊಂಡದ್ದು ಧರ್ಮಗುರುಗಳ ಬಳಿ ಮಾತ್ರ. ಅವರಿಗೆ ಬರೆದ ಪತ್ರಗಳನ್ನು ನಾಶಮಾಡುವಂತೆಯೂ ಕೋರಿದ್ದರು. 1997ರಲ್ಲಿ ಅವರು ತೀರಿಕೊಂಡ 10 ವರ್ಷಗಳ ಬಳಿಕ ಪತ್ರಗಳು ಪ್ರಕಟವಾದಾಗ ಜಗತ್ತು ಬೆರಗಾಯಿತು.

ಆ ಕತ್ತಲೆಯ ನಡುವೆಯೇ, 1952ರಲ್ಲಿ, ಕಾಳಿಘಾಟ್‌ನಲ್ಲಿ ‘ನಿರ್ಮಲ ಹೃದಯ’ ಆರಂಭವಾಯಿತು. ಬೀದಿಯಲ್ಲಿ ಸಾಯುತ್ತಿದ್ದವರಿಗೆ ಹಾಸಿಗೆ, ಆರೈಕೆ ದೊರೆಯಿತು. ಉತ್ತರ ಬರಲಿಲ್ಲವೆಂದು ಅವರು ಪ್ರಾರ್ಥನೆ ಬಿಡಲಿಲ್ಲ. ರೋಗಿಗಳ ಸೇವೆಯನ್ನೂ ಬಿಡಲಿಲ್ಲ.

ನಂಬಿದರೆ ಬೇಡಿದ್ದೆಲ್ಲ ಸಿಗುತ್ತದೆಂದು ಮಕ್ಕಳಿಗೆ ಮಾತು ಕೊಡುವುದು ಬೇಡ. ಸಿಗದ ದಿನವೂ ಕೈಮುಗಿದು, ಅಂದಿನ ಕೆಲಸಕ್ಕೆ ಕೂರುವುದನ್ನು ಕಲಿಸಿದರೆ ಸಾಕು.